ದಾರಿ ಗೊತ್ತಿರುವ ಕನ್ನಡಕ

ಕಸದ ಗಾಡಿಯ ಅಕ್ಕನಿಗೆ ನಮಸ್ಕಾರ.

ಅಮ್ಮನ ಇಂಜೆಕ್ಷನ್ ಸೂಜಿಗಳನ್ನೆಲ್ಲ ಬಾಟಲಿಗೆ ಹಾಕಿ ಮುಚ್ಚಳ ಬಿಗಿದಿದ್ದೇನೆ, ನಿಮ್ಮ ಕೈಗೆ ಚುಚ್ಚುವುದಿಲ್ಲ. ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ ಬೇರೆ ಇಟ್ಟಿದ್ದೇನೆ, ಇವೇ ಕೊನೆಯವು.

“ಅಮ್ಮನೇ ಹೋದ್ಮೇಲೆ ಹಾಸಿಗೆ ಯಾಕೋ, ಹಿತ್ತಲಲ್ಲಿ ಸುಟ್ಟುಬಿಡು” ಎಂದ ಅಣ್ಣ. ಆ ಫೋಮಿನ ಹೊಗೆಯನ್ನು ಬೀದಿಯವರೆಲ್ಲ ಯಾಕೆ ಕುಡಿಯಬೇಕು? ದಯವಿಟ್ಟು ಗಾಡಿಯಲ್ಲಿ ಒಯ್ಯಿರಿ.

ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕವನ್ನು ಅಮ್ಮ ಮರೆವಿನಲ್ಲಿ ತರಕಾರಿ ಸಿಪ್ಪೆಯ ಜೊತೆ ಎಸೆದಾಗಲೆಲ್ಲ ನೀವು ಹುಡುಕಿ, ತೊಳೆದು, ಗೇಟಿಗೆ ನೇತುಹಾಕಿ ಹೋಗುತ್ತಿದ್ದಿರಿ. “ನೋಡು, ಅದಕ್ಕೆ ಮನೆ ದಾರಿ ಗೊತ್ತು” ಎನ್ನುತ್ತಿದ್ದಳು ಅಮ್ಮ.

ಇವತ್ತು ಅದು ಒಣಕಸದಲ್ಲಿದೆ. ಈ ಸಲ ಹಾಕಿದವನು ನಾನು. ಗೇಟಿಗೆ ನೇತುಹಾಕಬೇಡಿ ಅಕ್ಕಾ, ಕಂಡರೆ ಮತ್ತೆ ಒಳಗೆ ತಂದುಬಿಡುತ್ತೇನೆ.

ಇಂತಿ,
ಮೂಲೆಮನೆಯ ಕಿರಿಮಗ