ಒಳಗಿನಿಂದ ಹಾಕಿದ ಚಿಲಕ

ವಿಜಯಪುರ
೬ ಏಪ್ರಿಲ್ ೨೦೨೫, ರವಿವಾರ

ನಮ್ಮ ಗೌತಮಿಯ ಅಪ್ಪನಿಗೆ,

ವಿಶಾಖಾಳ ಜೈಭೀಮ. ನಾನು ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ತಿಕೋಟಾ ಬಸ್ಸಿನಲ್ಲಿ ಕಳಿಸುವ ಬುತ್ತಿಯ ಡಬ್ಬಿ ಮಾತ್ರ ಖಾಲಿಯಾಗಿ, ತೊಳೆದು, ವಾಪಸ್ ಬರುತ್ತಿದೆ. ಸಿಟ್ಟು ನನ್ನ ಮೇಲಿದೆ, ನನ್ನ ರೊಟ್ಟಿಯ ಮೇಲಿಲ್ಲ ಎಂದು ಗೊತ್ತಾಯಿತು. ಅದಕ್ಕೇ ಈ ಕಾಗದವನ್ನು ರೊಟ್ಟಿಯ ಕೆಳಗೆ ಇಟ್ಟಿದ್ದೇನೆ. ಉಂಡ ಮೇಲೆ ಓದಿ.

ನಿನ್ನೆ ನಿಡೋಣಿಯಿಂದ ಅತ್ತೆ ಫೋನ್ ಮಾಡಿದ್ದರು. ದ್ರಾಕ್ಷಿ ಸೀಜನ್ ಮುಗಿದ ಮೇಲೂ ನೀವು ತಿಕೋಟಾದಲ್ಲೇ ಬಾಡಿಗೆ ಖೋಲಿ ಮಾಡಿಕೊಂಡು ಇರುತ್ತೀರಂತೆ. "ಮಗಳಿಗೇ ಬ್ಯಾಡಾದ ಮ್ಯಾಲೆ ಮನಿಗಿ ಹೋಗಿ ಏನ ಮಾಡ್ಲಿ ಅಂತಾನ ನೋಡವಾ ಪ್ರತಾಪ" ಎಂದು ಅತ್ತೆ ಅತ್ತರು.

ಮನೆ ಬಿಟ್ಟ ಆ ದಿನ ನೀವು ಒಣದ್ರಾಕ್ಷಿಯ ಲೋಡು ಇಳಿಸಿ, ಗಾಡಿ ನಿಲ್ಲಿಸಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಬಂದಿರಿ. ನಾನು ಬಚ್ಚಲಲ್ಲಿದ್ದೆ. ಗೌತಮಿ ಸ್ಟೂಲು ಎಳೆದುಕೊಂಡು ಹತ್ತಿ ಒಳಗಿನಿಂದ ಚಿಲಕ ಹಾಕಿಬಿಟ್ಟಳು. "ನೀ ಬರಬ್ಯಾಡ ಅಪ್ಪಾ, ಹೋಗ" ಎಂದು ಕೂಗಿದ್ದು ಓಣಿಗೆಲ್ಲ ಕೇಳಿತು. ಎದುರುಮನೆಯ ದಾವಲಬಿ ಚಾಚಿ ಹೊರಗೆ ಬಂದು ನಿಂತರು. ಬಚ್ಚಲಿಂದ ಬಂದು ಬಾಗಿಲು ತೆಗೆದಾಗ ನಿಮ್ಮ ಮುಖವನ್ನಾದರೂ ನಾನು ನೋಡಬೇಕಿತ್ತು. ಡ್ಯೂಟಿಯ ಅವಸರದಲ್ಲಿ, "ಮಗಳೂ ನಿಮ್ಮ ಕೈ ಬಿಟ್ಲು ನೋಡ್ರಿ" ಎಂದು ನಗೆಯಾಡಿ ಚಪ್ಪಲಿ ಮೆಟ್ಟಿದೆ. ನಾನೇ ಹೇಳಿಕೊಟ್ಟಿದ್ದೇನೆ ಎಂದು ನೀವು ತಿಳಿದಿರಿ. ನಾನು ಮರಳಿ ಬರುವುದನ್ನೇ ಕಾದು, ಬಟ್ಟೆಯ ಬ್ಯಾಗು ಹಿಡಿದು ಹೊರಟುಹೋದಿರಿ.

ಅತ್ತೆಯ ಫೋನು ಇಟ್ಟ ಮೇಲೆ ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ. ಬೈಯುವುದಿಲ್ಲ ಎಂದು ಮಾತು ಕೊಟ್ಟೆ. ಆಮೇಲೆ, "ಅಪ್ಪ ಒಳಗ ಬಂದ್ರ ನೀ ಹೊರಗ ಹೋಗ್ತಿ. ಅಪ್ಪ ಹೊರಗಽ ಇದ್ರ ನೀ ಹೋಗಂಗಿಲ್ಲ" ಅಂದಳು. ನಾಲ್ಕು ವರ್ಷದ ಕೂಸಿನ ಬುದ್ಧಿ ನೋಡಿ. ಅವಳಿಗೆ ನೀವು ಎಂದೂ ಬೇಡವಾಗಿರಲಿಲ್ಲ. ಈಗ ನನ್ನ ಡ್ಯೂಟಿಯ ಹೊತ್ತಿಗೆ ದಾವಲಬಿ ಚಾಚಿ ನೋಡಿಕೊಳ್ಳಲು ಬಂದರೆ ಅವರಿಗೂ ಅದೇ ಮರ್ಯಾದೆ ಆಗುತ್ತಿದೆ.

ಯಾರಾದರೊಬ್ಬರು ಮನೆಯಲ್ಲಿ ಇದ್ದೇ ಇರುತ್ತೇವೆ ಎಂದು ನಾವು ಎಷ್ಟು ಹೆಮ್ಮೆಪಡುತ್ತಿದ್ದೆವು! ಆಸ್ಪತ್ರೆಯಲ್ಲಿ ನಮ್ಮಂಥ ನರ್ಸುಗಳಿಗೆ ನಾಳೆಯ ಡ್ಯೂಟಿಯನ್ನು ಇಂದು ಸಂಜೆ ಹೇಳುತ್ತಾರೆ. ನಿಮಗೋ, ಲೋಡು ಸಿಕ್ಕಾಗಲೇ ಬೆಳಗು. ನೀವು ಬಂದೊಡನೆ ಹೊಸ್ತಿಲಲ್ಲೇ ಕೂಸನ್ನು ನಿಮ್ಮ ಕೈಗೆ ಕೊಟ್ಟು, "ಉಂಡಾಳ, ಔಷಧ ಆಗೇತಿ" ಎಂದರೆ ನಮ್ಮ ಸಂಸಾರದ ಮಾತು ಮುಗಿಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮಗೆ ಜಗಳ ಆಡುವಷ್ಟು ಹೊತ್ತೂ ಒಟ್ಟಿಗೆ ಸಿಗಲಿಲ್ಲ, ಕೂಸು ಮಾತ್ರ ಬಡವಾಯಿತು.

ಹದಿನಾಲ್ಕಕ್ಕೆ ಬಾಬಾಸಾಹೇಬರ ಜಯಂತಿ. ಹೆಡ್ ಸಿಸ್ಟರ್ ಮುಂದೆ ಹಲ್ಲುಗಿಂಜಿ ರಜೆ ಪಡೆದಿದ್ದೇನೆ. ನೀವು ಬನ್ನಿ. ಮೆರವಣಿಗೆಗೆ ಹೋಗುವುದು ಬಿಡುವುದು ಆಮೇಲೆ ನೋಡೋಣ, ಮೊದಲು ಮೂವರೂ ಕೂತು ಒಂದು ಹೊತ್ತು ಉಣ್ಣೋಣ. ನೀವು ಒಳಗೆ ಬಂದ ಮೇಲೂ ನಾನು ಎದ್ದು ಹೋಗದಿರುವುದನ್ನು ಅವಳು ಕಣ್ಣಾರೆ ನೋಡಬೇಕು. ಅವಳಿಗೆ ಬಾಯಿಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ.

ನಿಮ್ಮ ದಾರಿ ನೋಡುತ್ತಿರುವ,
ವಿಶಾಖಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆ ದಿನ ನಾನು ಓಣಿ ದಾಟುವಷ್ಟರಲ್ಲಿ ಆಸ್ಪತ್ರೆಯಿಂದ ಮೆಸೇಜು ಬಂದಿತ್ತು: ಡ್ಯೂಟಿ ಬದಲಾಗಿದೆ, ಮಧ್ಯಾಹ್ನ ಬಂದರೆ ಸಾಕು. ಓದಿದೆ, ಆದರೆ ಮನೆಗೆ ತಿರುಗಲಿಲ್ಲ. ಸೊಲ್ಲಾಪುರ ರಸ್ತೆಯಲ್ಲಿ, ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕುಳಿತಿದ್ದೆ. ನೀವಿರುವ ಮನೆಯಲ್ಲಿ ನಾನೂ ಇದ್ದು ಏನು ಮಾತಾಡಬೇಕು ಎಂಬುದೇ ನನಗೆ ತೋಚಲಿಲ್ಲ.