ಚನ್ನರಾಯಪಟ್ಟಣದ ಒಂದೇ ಲೈನು

ದಂಡಿಗನಹಳ್ಳಿ
24 ಆಗಸ್ಟ್ 2025, ಭಾನುವಾರ

ಪ್ರೀತಿಯ ಅಣ್ಣಾ,

ಭಿಕ್ಷುವಾದ ನಿನ್ನನ್ನು ಈಗ ಭಂತೇ ಎಂದು ಕರೆಯಬೇಕಂತೆ. ಗೊತ್ತಿದ್ದೂ ಕೈ ಅಣ್ಣಾ ಎಂದೇ ಬರೆಯಿತು. ಆರೋಗ್ಯವಾಗಿದ್ದೀಯಾ? ಮಳೆಗಾಲದ ಆ ಕೆಮ್ಮು ಅಲ್ಲಿ ಹೇಗಿದೆ? ವಿಹಾರದಲ್ಲಿ ರಾತ್ರಿ ಊಟವಿಲ್ಲ ಎಂದು ಕೇಳಿದಾಗಿನಿಂದ ಅಮ್ಮ ಮುದ್ದೆ ಮುರಿಯುವಾಗೆಲ್ಲ ನಿನ್ನ ಹೆಸರೆತ್ತುತ್ತಿದ್ದಳು. ಈಗ ಎತ್ತುವುದಿಲ್ಲ. ಮಂಡಿನೋವು ಬಿಟ್ಟರೆ ಅವಳಿಗೆ ಬೇರೇನಿಲ್ಲ. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ನಿದ್ದೆಯೂ ಬರುತ್ತದೆ.

ಅಪ್ಪ ತೀರಿಕೊಂಡ ಸುದ್ದಿ ನಿನಗೆ ತಲುಪಿತೆಂದು ವಿಹಾರದ ಕಚೇರಿಯವರು ಹೇಳಿದರು. ಹೃದಯಾಘಾತ ಎಂಬ ಒಂದು ಮಾತು ಬಿಟ್ಟು ಫೋನಿನಲ್ಲಿ ಹೆಚ್ಚೇನೂ ಹೇಳಲಾಗಲಿಲ್ಲ. ಹೇಗಾಯಿತೆಂದು ಬರೆಯಲು ಕೂತಿದ್ದೇನೆ. ಅದಕ್ಕೆ ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು, ಬೇಸರ ಮಾಡಿಕೊಳ್ಳಬೇಡ.

ನಾನಿರುವ ಆಸ್ಪತ್ರೆಗೆ ಹಾಸನದಲ್ಲಿ ಮುಖ್ಯ ಕಟ್ಟಡ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಒಂದೊಂದು ಶಾಖೆ. ರೋಗಿಗಳ ಹಳೆಯ ವಿವರವೆಲ್ಲ ಹಾಸನದ ಸರ್ವರಿನಲ್ಲಿದೆ. ಅಲ್ಲಿಂದ ಮೂರೂ ಊರಿಗೆ ಒಂದೊಂದು ಕೇಬಲ್ ಲೈನು. ಯಾವ ಊರಿನ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕೆಂದು ಮೊದಲು ನಾವೇ ರೂಟರಿನಲ್ಲಿ ಕೈಯಾರೆ ಬರೆದಿಡುತ್ತಿದ್ದೆವು. ಈ ವರ್ಷ ಅದನ್ನು ತೆಗೆದು ಓಎಸ್‌ಪಿಎಫ್ ಎಂಬ ಪದ್ಧತಿ ತರುವ ಯೋಜನೆಯನ್ನು ನನಗೆ ಒಪ್ಪಿಸಿದರು. ಅದರಲ್ಲಿ ರೂಟರುಗಳು ಯಾವ ಲೈನು ಬದುಕಿದೆ, ಯಾವುದು ಸತ್ತಿದೆ ಎಂದು ತಮ್ಮತಮ್ಮಲ್ಲೇ ವಿಚಾರಿಸಿಕೊಳ್ಳುತ್ತಿರುತ್ತವೆ. ಒಂದು ಕಡಿದರೆ ಯಾರೂ ಹೇಳದೆಯೇ ಇನ್ನೊಂದು ದಾರಿ ಹಿಡಿಯುತ್ತವೆ. ಆದರೆ ಆ ಇನ್ನೊಂದು ದಾರಿ ಇರಬೇಕಲ್ಲ. ಮಂಜೂರಾದದ್ದು ಒಂದೇ ಒಂದು ಹೊಸ ಲೈನು. ನಾನು ಅದನ್ನು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ಎಳೆಸಿದೆ. ಅರಕಲಗೂಡಿನ ಲೈನು ಪದೇ ಪದೇ ಹೋಗುತ್ತಿತ್ತು; ಹೀಗೆ ಎಳೆದರೆ ಒಂದೇ ಲೈನಿನಲ್ಲಿ ಎರಡು ಊರಿಗೆ ಎರಡನೇ ದಾರಿಯಾಗುತ್ತಿತ್ತು. ನಮ್ಮ ಮ್ಯಾನೇಜರ್ ಪಾಲಾಕ್ಷ ಸಾರ್, ಹಂಗಾದ್ರೆ ಚನ್ರಾಯಪಟ್ಣದ ಗತಿ ಏನಮ್ಮಾ ಎಂದು ಕೇಳಿದ್ದರು. ಅದು ಹೈವೇ ಪಕ್ಕದ ಲೈನು ಸಾರ್, ಅದಕ್ಕೇನೂ ಆಗಲ್ಲ ಅಂದಿದ್ದೆ. ಲೈನು ಹೋದರೆ ಮೊಬೈಲ್ ನೆಟ್‌ವರ್ಕಿನಲ್ಲಿ ನಡೆಸಲು ಸಿಮ್ ಹಾಕುವ ಡಬ್ಬಿಯೊಂದನ್ನಾದರೂ ಅಲ್ಲಿಡೋಣ ಎಂದು ನಾನು ಕೇಳಿದ್ದಕ್ಕೆ ಮೇಲಿನವರು ಮುಂದಿನ ವರ್ಷ ನೋಡೋಣ ಎಂದರು.

ಆ ದಿನ ನಾನೂ ಪಾಲಾಕ್ಷ ಸಾರೂ ಅರಕಲಗೂಡಿನಲ್ಲಿದ್ದೆವು. ಪರೀಕ್ಷೆಗೆಂದು ಹಾಸನದ ಕೇಬಲನ್ನು ನಾನೇ ಕಿತ್ತೆ. ಎಲ್ಲವೂ ಹೊಳೆನರಸೀಪುರದ ಮೇಲೆ ಸುತ್ತಿ ಹೋಯಿತು, ಬಿಲ್ಲು ಬರೆಯುತ್ತಿದ್ದ ಹುಡುಗಿಗೆ ಗೊತ್ತೂ ಆಗಲಿಲ್ಲ. ಸಾರ್ ಖುಷಿಯಿಂದ ಕಾಫಿ ತರಿಸಿದರು. ಅದನ್ನು ಕುಡಿಯುತ್ತಿದ್ದಾಗ ಪರದೆಯಲ್ಲಿ ಚನ್ನರಾಯಪಟ್ಟಣ ಕೆಂಪಾಯಿತು. ಚರಂಡಿ ತೋಡುತ್ತಿದ್ದ ಜೆಸಿಬಿ ಲೈನನ್ನು ಕಿತ್ತುಹಾಕಿತ್ತು. ಕೇಬಲ್ಲಿನವರನ್ನು ತಕ್ಷಣ ಅಲ್ಲಿಗೆ ಕಳಿಸಿದೆ. ಶಾಖೆಗೆ ಫೋನು ಮಾಡಿದರೆ, ಒಂದು ಹಾರ್ಟ್ ಕೇಸು ಬಂದಿದೆ ಮೇಡಂ, ಫೈಲು ಓಪನ್ ಆಗ್ತಿಲ್ಲ ಎಂದರು. ಇನ್ನು ಸ್ವಲ್ಪ ಹೊತ್ತು ಅಂದೆ. ಯಾರ ಕೇಸು ಎಂದು ಕೇಳಲಿಲ್ಲ. ನಾವು ಹಾಗೆ ಕೇಳುವುದಿಲ್ಲ.

ಅಪ್ಪ ಬೆಳಿಗ್ಗೆ ಹಸು ಬಿಚ್ಚುವಾಗ ಎದೆ ಹಿಡಿದುಕೊಂಡು ಕೂತರಂತೆ. ಎದುರುಮನೆ ಈಶ್ವರಯ್ಯ ಕಾರು ತಂದರು. ಅಮ್ಮ ಗೂಡಿನಲ್ಲಿದ್ದ ಆಸ್ಪತ್ರೆ ಫೈಲಿಗೆ ಕೈ ಹಾಕಿದರೆ ಅಪ್ಪ, "ಅದ್ಯಾಕಮ್ಮಿ, ಎಲ್ಲಾನೂ ಬಿಂದು ಕಂಪ್ಯೂಟ್ರಲ್ಲಿ ಮಡ್ಗವಳೆ" ಅಂದರಂತೆ. ನನಗೆ ಫೋನು ಮಾಡುವುದನ್ನೂ ತಡೆದರಂತೆ, ಕೆಲಸದಲ್ಲಿರುತ್ತಾಳೆ ಎಂದು. ಚನ್ನರಾಯಪಟ್ಟಣದ ನಮ್ಮ ಶಾಖೆಯಲ್ಲಿ ಡಾಕ್ಟರ್ ನೇತ್ರಾವತಿ ಇಸಿಜಿಯ ಫೋಟೋ ತೆಗೆದು ಮೊಬೈಲಿನಲ್ಲೇ ಹಾಸನದ ಹೃದಯದ ಡಾಕ್ಟರಿಗೆ ಕಳಿಸಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಿತ್ತು. ಆದರೆ ಹೋದ ವರ್ಷ ಅಪ್ಪನಿಗೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಿತ್ತಲ್ಲ. ಎಷ್ಟು ರಕ್ತ ಹೋಗಿತ್ತು, ಯಾವ ಮಾತ್ರೆ ಕೊಟ್ಟಿದ್ದರು ಎಂದು ತಿಳಿಯದೆ ಕೊಟ್ಟರೆ ಅದೇ ಪ್ರಾಣಕ್ಕೆ ಎರವಾಗಬಹುದು. ಅಮ್ಮ ಗೊತ್ತಿದ್ದಷ್ಟು ಹೇಳಿದಳು. ಹಾಸನದ ಆಸ್ಪತ್ರೆ ಕಚೇರಿಗೆ ಫೋನು ಮಾಡಿದರೆ ಅಲ್ಲಿ ಅಪ್ಪನಂತೆ ಕೆಂಚಯ್ಯ ಎಂಬ ಹೆಸರಿನ ರೋಗಿಗಳು ಎಷ್ಟೋ ಜನ. ನಮ್ಮ ಕೆಂಚಯ್ಯನವರ ಫೈಲಿನ ನಂಬರು ಅಮ್ಮನಿಗೆ ಗೊತ್ತಿರಲಿಲ್ಲ. ಹುಡುಕುತ್ತಾ ಕೂರುವುದಕ್ಕಿಂತ ಹಾಸನಕ್ಕೇ ಕಳಿಸೋಣ ಎಂದು ಆಂಬುಲೆನ್ಸ್ ಹತ್ತಿಸಿದರು. ಶಾಂತಿಗ್ರಾಮ ಬರುವ ಮೊದಲೇ ಅಪ್ಪ ಹೋದರು, ತಲೆ ಅಮ್ಮನ ತೊಡೆಯ ಮೇಲಿತ್ತಂತೆ. ಅರಕಲಗೂಡಿನಲ್ಲಿ ನನ್ನ ಪರದೆಗೆ ಹಸಿರು ಬಂತು. ಊಟಕ್ಕೆ ಹೋಗೋಣ ಬಾರಮ್ಮ ಎಂದು ಸಾರ್ ಎದ್ದರು. ಆಮೇಲೆ ಈಶ್ವರಯ್ಯನ ಫೋನು ಬಂತು.

ಹೊಲದ ಬದಿಯಲ್ಲಿ, ನೀನು ನೆಟ್ಟ ಹೊಂಗೆಯ ಹತ್ತಿರ ಮಣ್ಣು ಮಾಡಿದೆವು. ಹಾಸನದಿಂದ ಬೌದ್ಧ ಉಪಾಸಕರೊಬ್ಬರು ಬಂದು ಬುದ್ಧಂ ಸರಣಂ ಎಂದು ತ್ರಿಸರಣ ಹೇಳಿದರು. ಬೈರಯ್ಯ ಚಿಕ್ಕಪ್ಪ ಹಳೇ ಕ್ರಮದಂತೆ ತಿಥಿ ಆಗಲೇಬೇಕೆಂದು ಹಟ ಹಿಡಿದಾಗ ಅಮ್ಮ ಒಪ್ಪಲಿಲ್ಲ. ಡಾಕ್ಟರ್ ನೇತ್ರಾವತಿ ಮನೆಗೇ ಬಂದಿದ್ದರು. ಫೈಲು ಸಿಕ್ಕಿದ್ದರೂ ಆ ರಕ್ತಸ್ರಾವ ನೋಡಿ ಇಂಜೆಕ್ಷನ್ ಕೊಡದೆ ಇರುತ್ತಿದ್ದರೋ ಏನೋ ಎಂದರು. ಖಂಡಿತ ಎಂದು ಹೇಳಲಿಲ್ಲ. ನಾನೂ ಒತ್ತಿ ಕೇಳಲಿಲ್ಲ.

ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಚನ್ನರಾಯಪಟ್ಟಣಕ್ಕೆ ಹೊಳೆನರಸೀಪುರದಿಂದ ಎರಡನೇ ಲೈನು ಈಗ ಮಂಜೂರಾಗಿದೆ. ಬೇರೆಯವರಿಗೆ ಕೊಡಲೇನಮ್ಮಾ ಎಂದು ಪಾಲಾಕ್ಷ ಸಾರ್ ತಡವರಿಸುತ್ತಾ ಕೇಳಿದರು. ಬೇಡ ಎಂದು ನಾನೇ ಕೂತು ಯೋಜನೆ ಬರೆದುಕೊಟ್ಟೆ. ಚೆನ್ನಾಗಿದೆ ಎಂದರು. ನನಗೆ ಏನೂ ಅನ್ನಿಸಲಿಲ್ಲ. ಬಸ್ಸಿನಲ್ಲಿ ಬರುವಾಗ ಶಾಂತಿಗ್ರಾಮ ಬಂದರೂ ಏನೂ ಅನ್ನಿಸುವುದಿಲ್ಲ. ಕಿಟಕಿಯಾಚೆ ನೋಡುತ್ತಾ ಕೂತಿರುತ್ತೇನೆ, ಟಿಕೆಟ್ ಕೇಳಿದರೆ ಕೊಡುತ್ತೇನೆ.

ನಿನಗೆ ಈಗ ಹೆತ್ತವಳೂ ಕೈ ಮುಗಿಯಬೇಕಂತಲ್ಲ. ಅಮ್ಮನಿಂದ ಅದಾಗದು, ಆಶೀರ್ವಾದವನ್ನೇ ಕಳಿಸಿದ್ದಾಳೆ, ಇಟ್ಟುಕೋ. ತಣ್ಣೀರು ಸ್ನಾನ ಮಾಡಿ ಹಾಗೇ ಕೂರಬೇಡ.

ನಿನ್ನ ತಂಗಿ,
ಬಿಂದುಶ್ರೀ

ತಾ.ಕ.: ಲಕೋಟೆ ಅಂಟಿಸುವಾಗ, ಅಷ್ಟುದ್ದ ಏನು ಬರೆದೆ ಎಂದು ಅಮ್ಮ ಕೇಳಿದಳು. ಇದುವರೆಗೂ ಹೇಳದಿದ್ದುದನ್ನು ಹೇಳಿದೆ, ಲೈನು ಯಾವ ಊರಿಗೆಂದು ಆರಿಸಿದವಳು ನಾನೇ ಎಂದು. ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸದೆ ಕೇಳಿದಳು. "ಅರಕಲಗೂಡ್ನೋರ್ಗೂ ಅಪ್ಪದೀರು ಅವ್ರೆ ಕಣವ್ವ" ಅಂದಳು. ಆಮೇಲೆ ಹಿತ್ತಲಿಗೆ ಹೋದವಳು ಇನ್ನೂ ಒಳಗೆ ಬಂದಿಲ್ಲ. ಹೋಗಿ ಪಕ್ಕದಲ್ಲಿ ಕೂರಬೇಕು, ಏಳಲು ಆಗುತ್ತಿಲ್ಲ. ಮಳೆಗಾಲ ಮುಗಿಯುವವರೆಗೆ ವಿಹಾರ ಬಿಡಬಾರದ ವರ್ಷಾವಾಸದ ನಡುವೆಯೂ ತಾಯಿಗಾಗಿ ಏಳು ದಿನ ಬಿಡುತ್ತಾರೆಂದು ವಿಹಾರದ ಕಚೇರಿಯವರನ್ನು ಕೇಳಿ ತಿಳಿದುಕೊಂಡಿದ್ದೇನೆ. ಬಾ ಅಣ್ಣಾ. ನನಗೆ ಇನ್ನೂ ಅಳು ಬಂದಿಲ್ಲ.