ಹೆಲ್ಕಾ ಕಂಡ ಮಂಜು

ಕುಓಪಿಯೊ
೨೦ ಮಾರ್ಚ್ ೨೦೨೨

ಪ್ರೀತಿಯ ಮಗಳು ಸಾತುಗೆ,

ಹೇಗಿದ್ದೀಯ ಕೂಸೇ? ಹಡಗಿನ ಅಡುಗೆಮನೆಯಲ್ಲಿ ನಿಂತೂ ನಿಂತೂ ಬಂದಿದ್ದ ಸೊಂಟನೋವು ಕಡಿಮೆಯಾಯಿತೇ? ಕೊರೊನಾ ಅಂತ ಬಂದರಿನಲ್ಲಿ ನಿಮ್ಮನ್ನು ಇಳಿಯಗೊಡುತ್ತಿಲ್ಲ ಎಂದಿದ್ದೆ. ಕೆಮ್ಮುತ್ತಿದ್ದವರೆಲ್ಲ ಎದ್ದು ಓಡಾಡುತ್ತಿದ್ದಾರೆ ತಾನೇ? ನಾನು ಗಟ್ಟಿಯಾಗಿದ್ದೇನೆ. ನಿನ್ನ ಮಗಳು ಹೆಲ್ಕಾಳೂ ಈಗ ಚೆನ್ನಾಗಿದ್ದಾಳೆ. 'ಈಗ' ಅಂದದ್ದಕ್ಕೆ ಗಾಬರಿಯಾಗದೆ ಪೂರ್ತಿ ಓದು.

ಶಾಲೆಯಿಂದ ಅವಳಿಗೂ ಕೊರೊನಾ ಬಂತು. ಸ್ವಲ್ಪ ಜ್ವರ, ಒಣಕೆಮ್ಮು, ಅಷ್ಟೇ. ಅವಳ ಮಂಡಿಯ ಊತವನ್ನೂ ಕಣ್ಣಿನ ಉರಿಯೂತವನ್ನೂ ಹಿಡಿದಿಡುವ ವಾರದ ಇಂಜೆಕ್ಷನ್ನನ್ನು ಜ್ವರ ಬಿಡುವ ತನಕ ಕೊಡಬೇಡಿ ಅಂತ ಆಸ್ಪತ್ರೆಯವರು ಫೋನಿನಲ್ಲಿ ಹೇಳಿದರು. ಕೊಡಲಿಲ್ಲ. ಜ್ವರ ಬಿಟ್ಟಿತು. ಎದ್ದವಳೇ ಬೆಣ್ಣೆ ಸವರಿದ ರೈ ಬ್ರೆಡ್ಡು ತಿಂದು, ಮೀನು ಹಿಡಿಯಲು ಹೋಗೋಣ ಅಂತ ಹಟ ಹಿಡಿದಳು.

ಮಾರ್ಚ್ ತಿಂಗಳ ನಮ್ಮ ಸರೋವರ ನಿನಗೆ ಗೊತ್ತಲ್ಲ, ಹಿಮ ನೀಲಿಯಾಗಿ, ಬಿಸಿಲು ಸದ್ದಿಲ್ಲದೆ ಸುರಿಯುತ್ತಿರುತ್ತದೆ. ಮಂಜುಗಡ್ಡೆಯಲ್ಲಿ ತೂತು ಕೊರೆದು ಗಾಳ ಇಳಿಬಿಟ್ಟು ಕೂತಿದ್ದೆವು. "ಅಜ್ಜಾ, ಆಚೆ ದಡದ ಸೌನಾಮನೆ ಮೋಡದೊಳಗೆ ಹೋಗ್ತಿದೆ" ಅಂದಳು. "ಯಾರೋ ಉಗಿಸ್ನಾನಕ್ಕೆ ಒಲೆ ಹಚ್ಚಿರ್ಬೇಕು ಕಣೇ" ಅಂದೆ. "ಹೊಗೆ ಅಲ್ಲಜ್ಜಾ. ನಿನ್ನ ಟೋಪಿ ಸುತ್ತಾನೂ ಇದೆ. ಕನಸಲ್ಲಿ ಇರುತ್ತಲ್ಲ, ಹಾಗೆ. ಚೆನ್ನಾಗಿದೆ."

ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ ಸಾತು. ಮುಖ ಹಿಡಿದು ನೋಡಿದೆ. ಕಣ್ಣು ಕೆಂಪಿಲ್ಲ, ನೋವಿಲ್ಲ. ಈ ಹಾಳು ರೋಗ ಬರುವುದೇ ಹಾಗೆ, ಸದ್ದಿಲ್ಲದೆ. ಕೈಗವಸಿನಿಂದ ಅವಳ ಎಡಗಣ್ಣು ಮುಚ್ಚಿದೆ. "ಮಂಜು ಹೋಯ್ತು" ಅಂದಳು. ಬಲಗಣ್ಣು ಮುಚ್ಚಿದೆ. "ಮತ್ತೆ ಬಂತು!" ಅಂತ ನಕ್ಕಳು. ಗಾಳ, ಮೀನು ಎಲ್ಲ ಅಲ್ಲೇ ಬಿಟ್ಟು ಅವಳನ್ನು ಜಾರುಬಂಡಿಯಲ್ಲಿ ಕೂರಿಸಿ ಎಳೆದುಕೊಂಡು ಓಡಿದೆ. ಈ ವಯಸ್ಸಿನಲ್ಲಿ!

ಕಣ್ಣಿನ ಡಾಕ್ಟರ್ ಕಿವೆಲಾ ನನಗೂ ಯಂತ್ರದೊಳಗೆ ತೋರಿಸಿದರು. "ಬಿಸಿಲುಕೋಲಲ್ಲಿ ಧೂಳು ತೇಲೋ ಹಾಗೆ ಕಾಣ್ತಿದೆಯಲ್ಲ ತೌನೊ, ಅದೇ ಉರಿಯೂತ." ಅಷ್ಟು ಕೆಟ್ಟದ್ದು ಅಷ್ಟು ಚಂದವಾಗಿ ತೇಲಬಹುದು ಅಂತ ನನಗೆ ತಿಳಿದಿರಲಿಲ್ಲ. ಕೊರೊನಾದಿಂದಲೋ, ಇಂಜೆಕ್ಷನ್ ನಿಲ್ಲಿಸಿದ್ದರಿಂದಲೋ ಅಂತ ಕೇಳಿದೆ. "ಎರಡೂ ಇರಬಹುದು. ಸೋಂಕಾದ ಮೇಲೆ ಕೆಲವು ಮಕ್ಕಳಲ್ಲಿ ಇದು ಕೆರಳುತ್ತೆ, ಎಷ್ಟೋ ಮಕ್ಕಳಿಗೆ ಏನೂ ಆಗಲ್ಲ. ಇಂಥದ್ದೇ ಕಾರಣ ಅಂತ ಹೇಳೋಕೆ ನನ್ನಿಂದಾಗಲ್ಲ. ಬೇಗ ಕರ್ಕೊಂಡು ಬಂದ್ರಿ, ಅದು ಒಳ್ಳೇದಾಯ್ತು" ಅಂದರು.

ಇಂಜೆಕ್ಷನ್ ಮತ್ತೆ ಶುರುವಾಯಿತು. ಗಂಟೆಗೊಮ್ಮೆ ಕಣ್ಣಿಗೆ ಹನಿ. ಪಾಪೆ ಅಗಲವಾಗುವ ಹನಿಯೂ ಇದ್ದದ್ದರಿಂದ, ಮನೆಯೊಳಗೇ ಕಪ್ಪು ಕನ್ನಡಕ ಹಾಕಿಕೊಂಡು ದೊಡ್ಡ ನಟಿಯ ಹಾಗೆ ಕೂತಿರುತ್ತಿದ್ದಳು. ಮೊನ್ನೆ ಮತ್ತೆ ಪರೀಕ್ಷೆಯಾಯಿತು: ಧೂಳು ಹೆಚ್ಚುಕಡಿಮೆ ಅಡಗಿದೆ. ಎಡಗಣ್ಣಿನಿಂದಲೇ ಸಣ್ಣ ಅಕ್ಷರದ ಸಾಲನ್ನೂ ಓದಿದಳು. ಹನಿಯನ್ನು ನಿಧಾನವಾಗಿ ಕಡಿಮೆ ಮಾಡುತ್ತಾರಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಊರಿಗೆಲ್ಲ ಬಡಿಸಿ ನೀನು ಉಪವಾಸವಿರಬೇಡ. ಸಮುದ್ರ ನಿನ್ನನ್ನು ಮೆಲ್ಲಗೆ ತೂಗಲಿ.

ನಿನ್ನ ಅಪ್ಪ,
ತೌನೊ

ಇನ್ನೊಂದು ಮಾತು: ಬರೆಯಲೋ ಬೇಡವೋ ಅಂತಿದ್ದೆ, ಬರೆದೇ ಬಿಡುತ್ತೇನೆ. ನಿನ್ನೆ ಇಂಜೆಕ್ಷನ್ ಕೊಡುವಾಗ ತುಟಿ ಕಚ್ಚಿಕೊಂಡು ಕೂತಿದ್ದಳು. "ಅಳು ಬಂದ್ರೆ ಅತ್ತುಬಿಡು ಚಿನ್ನ" ಅಂದೆ. "ನೀನು ಹೆದರ್ಕೋತೀಯ ಅಜ್ಜಾ. ಅಳೋದೆಲ್ಲ ಅಮ್ಮಂಗೆ ಅಂತ ಎತ್ತಿಟ್ಟಿದ್ದೀನಿ" ಅಂದಳು. ಹಡಗಿನವರು ಬಿಟ್ಟ ದಿನವೇ ಹೊರಟು ಬಾ, ಸಾತು.